ಔಷಧ ಸರಿಯಾಗಿದೆ

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಅಕ್ಕ ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೇ ಮಾತಿಗೆ ಯಾರೋ ಒಬ್ಬರು ಕಟ್ ಮಾಡುತ್ತೇವೆ. ಅದೂ ಅಲ್ಲದೆ ಇದರ ಜೊತೆ ಬರುತ್ತಿರುವ ವಸ್ತು ಫೋನಿನಲ್ಲಿ ಹೋಗುವಂಥದ್ದಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ಆರು ಕಾಗದದ ಪಟ್ಟಿಗಳಿವೆ. ಮೇಲಿರುವ ಕಪ್ಪು ಚುಕ್ಕೆಗಳು ಕೊಳೆಯಲ್ಲ, ಸೊಳ್ಳೆಯ ಮೊಟ್ಟೆ. ನಿನಗೆ ಬೇರೆ ಹೇಳಬೇಕಾ! ಮೂರು, ನಾಲ್ಕು, ಐದನೇ ಬೀದಿಯ ಮನೆಗಳಲ್ಲಿ ನೀರಿನ ಡಬ್ಬಿ ಇಟ್ಟು, ಒಳಗೆ ಈ ಪಟ್ಟಿಗಳನ್ನು ಸಿಕ್ಕಿಸಿ ಸಂಗ್ರಹಿಸಿದ್ದು. ಯಾವ ಬೀದಿಯದು ಯಾವುದು ಎಂದು ತುದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಇನ್ನೊಂದು ಪೊಟ್ಟಣದಲ್ಲಿ ನಾವು ಡ್ರಮ್ಮುಗಳಿಗೆ ಹಾಕುವ ಮರಳಿನಂಥ ಔಷಧವಿದೆ.

ವಿಷಯ ಇಷ್ಟು. ನನ್ನ ತಂಡದ ಹನ್ನೊಂದು ಹೆಂಗಸರು ದಿನಾ ಮನೆಮನೆಗೆ ಹೋಗಿ ನೀರಿನ ಡ್ರಮ್ಮು, ಸಿಮೆಂಟಿನ ತೊಟ್ಟಿಗಳಿಗೆ ಔಷಧ ಹಾಕಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಬರುತ್ತಾರೆ. ಎಂಟು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿರುತ್ತವೆ. ಹೊಸದಾಗಿ ಬಂದ ಆರೋಗ್ಯಾಧಿಕಾರಿ ನಮ್ಮವರು ಔಷಧ ಹಾಕುವುದೇ ಇಲ್ಲ, ಬರೀ ಬಾಗಿಲು ಗೀಚಿ ಬರುತ್ತಾರೆ ಎನ್ನುತ್ತಾರೆ. ಅವರ ಶರಟಿನ ಮಡಿಕೆಯಲ್ಲಿ ಬೆರಳು ಕುಯ್ಯಬಹುದು, ಅದಕ್ಕೇ ನಮ್ಮವರು ಅವರಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದಾರೆ.

ಅವರ ಕಣ್ಣು ಮುಖ್ಯವಾಗಿ ಬಿದ್ದಿರುವುದು ಟಾರ್ಚಮ್ಮನ ಮೇಲೆ. ನೀನು ಅವಳನ್ನು ನೋಡಿಲ್ಲ. ನನಗಿಂತ ಆರು ವರ್ಷ ದೊಡ್ಡವಳು, ಹದಿನಾರು ವರ್ಷದಿಂದ ನನ್ನ ಜೊತೆಗಿದ್ದಾಳೆ. ಕೈಯಲ್ಲಿ ಟಾರ್ಚು ಹಿಡಿಯದೆ ಯಾರ ಮನೆಯನ್ನೂ ಹೊಗುವುದಿಲ್ಲ, ಬಾಯಿಗೆ ಬೀಗವೂ ಇಲ್ಲ.

ನೀನು ಇದೇ ಕೆಲಸ ಮಾಡುವವನು. ಒಂದೇ ಪ್ರಶ್ನೆ: ಈ ಔಷಧಕ್ಕೆ ಈ ಸೊಳ್ಳೆ ಸಾಯುತ್ತದಾ, ಇಲ್ಲವಾ? ಒಂದು ಸಾಲಿನ ಉತ್ತರ ಸಾಕು.

ಭಾವ ಕೇಳಿದ್ದಾರೆ ಎಂದು ಬರೆಯಲು ಹೇಳಿದರು. ಬರೆದಿದ್ದೇನೆ.

ಅಕ್ಕ

*

ಮಾರ್ಚ್ 30

ಅಕ್ಕನಿಗೆ,

ಮೊಟ್ಟೆಗಳು ಸುರಕ್ಷಿತವಾಗಿ ತಲುಪಿದವು. ಇಷ್ಟು ಚೆನ್ನಾಗಿ ಒಣಗಿಸಿ ಕಳಿಸಿದ್ದೀಯ, ನಮ್ಮ ವಿದ್ಯಾರ್ಥಿಗಳಿಗೆ ನಿನ್ನಿಂದಲೇ ಪಾಠ ಮಾಡಿಸಬೇಕು.

ಇದು ಒಂದು ಸಾಲಿನಲ್ಲಿ ಹೇಳುವ ವಿಷಯವಲ್ಲ, ಅಕ್ಕ. ಮೊದಲು ಮೊಟ್ಟೆಯಿಂದ ಮರಿ ಮಾಡಿಸಬೇಕು. ಮರಿಗಳಿಗೆ ಅಳತೆ ಮಾಡಿದ ಔಷಧ ಕೊಟ್ಟು ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಆಮೇಲೆ ಒಂದೊಂದೇ ಸೊಳ್ಳೆಯನ್ನು ಅರೆದು, ತೊಂಬತ್ತಾರು ಗುಳಿಗಳಿರುವ ತಟ್ಟೆಯ ಒಂದೊಂದು ಗುಳಿಗೆ ಹಾಕಿ, ಬಣ್ಣ ಬರಿಸುವ ದ್ರಾವಣ ಸುರಿಯುತ್ತೇವೆ. ಸೊಳ್ಳೆಯ ಮೈಯಲ್ಲಿ ವಿಷವನ್ನು ಒಡೆದು ಹಾಕುವ ಒಂದು ಕಿಣ್ವವಿದೆ. ಅದು ಕಡಿಮೆ ಇದ್ದರೆ ಬಣ್ಣ ತೆಳು, ಹೆಚ್ಚಿದ್ದರೆ ಶಾಯಿ ಚೆಲ್ಲಿದ ಹಾಗೆ ಗಾಢ. ಗಾಢ ಬಣ್ಣ ಬಂದರೆ ಆ ಸೊಳ್ಳೆ ವಿಷವನ್ನು ಅನ್ನದ ಹಾಗೆ ಅರಗಿಸಿಕೊಳ್ಳುತ್ತದೆ ಎಂದರ್ಥ.

ಅನೇಕ ಊರುಗಳ ಮಾದರಿಗಳು ಬಂದಿವೆ. ನಿನ್ನದೂ ಸಾಲಿನಲ್ಲಿದೆ. ತಾಳ್ಮೆ ಇರಲಿ.

ಭಾವನಿಗೆ ನಮಸ್ಕಾರ.

ತಮ್ಮ

*

ಏಪ್ರಿಲ್ 15

ತಮ್ಮನಿಗೆ,

ತಾಳ್ಮೆ ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡ. ಜ್ವರ ಶುರುವಾಗಿದೆ. ನಾಲ್ಕನೇ ಬೀದಿಯ ಕ್ಷೌರದಂಗಡಿಯವನ ಮಗಳು ಮೊನ್ನೆ ಹೋಗಿಬಿಟ್ಟಳು. ಒಂಬತ್ತು ವರ್ಷ. ಸೋಮವಾರ ಜ್ವರ, ಶುಕ್ರವಾರ ಇಲ್ಲ. ಅವರ ಬಾಗಿಲ ಮೇಲೆ ನಮ್ಮ ಸೀಮೆಸುಣ್ಣದ ತಾರೀಕು ಇನ್ನೂ ಅಳಿಸಿಲ್ಲ.

ನಿನ್ನೆ ಇಸ್ತ್ರಿ ಸಾಹೇಬರು ನಮ್ಮನ್ನೆಲ್ಲ ಆ ಬೀದಿಗೆ ಕರೆಸಿದರು. ಜನ ಸೇರಿದ್ದರು. ಒಂದು ಡ್ರಮ್ಮಿನ ಮುಚ್ಚಳ ತಾವೇ ತೆಗೆದು ಟಾರ್ಚಮ್ಮನನ್ನು ಕೇಳಿದರು: "ಔಷಧ ಹಾಕಿದ್ರೆ ಇದರೊಳಗೆ ಹುಳ ಹೇಗೆ ಬಂತು?"

"ಅದನ್ನ ಹುಳಾನೇ ಕೇಳಿ ಸಾರ್. ನಾನು ಹಾಕಿದ್ದು ಹಾಕಿದ್ದೇ."

"ಬಾಗಿಲು ಗೀಚೋದನ್ನೇ ಕೆಲಸ ಅಂದ್ಕೊಂಡಿದ್ದೀರ ನೀವು."

"ಶರಟಿನ ತೋಳು ಮಡಚಿ ಒಂದ್ಸಲ ತಳಕ್ಕೆ ಕೈ ಹಾಕಿ ಸಾರ್. ನಾನು ಹಾಕಿದ ಮರಳು ಅಲ್ಲೇ ಕೂತಿದೆ, ಕೈಗೆ ಸಿಗುತ್ತೆ."

ಅವರು ಕೈ ಹಾಕಲಿಲ್ಲ. ಜನರ ಕಡೆ ತಿರುಗಿ, "ನೋಡಿದ್ರಾ ಇವರ ಬಾಯಿ?" ಎಂದರು. ಯಾರೋ ಹಿಂದಿನಿಂದ "ಮೈಗಳ್ಳಿ" ಎಂದು ಕೂಗಿದರು. ಟಾರ್ಚಮ್ಮ ಟಾರ್ಚನ್ನು ಆ ಕಡೆಗೇ ಬಿಟ್ಟು ಹುಡುಕಿದಳು, ಹಗಲಿನಲ್ಲಿ! ನಗು ಬರಬೇಕಿತ್ತು. ಬರಲಿಲ್ಲ.

ತನಿಖೆ ಮಾಡಿಸುತ್ತಾರಂತೆ. ಸಾಯುತ್ತದೋ ಇಲ್ಲವೋ, ಬೇಗ ಹೇಳು. ನಮ್ಮ ಮಾನ ನಿನ್ನ ಆ ತಟ್ಟೆಯಲ್ಲಿದೆ.

ಅಕ್ಕ

*

ಮೇ 2

ಅಕ್ಕನಿಗೆ,

ತಡವಾಯಿತು, ಬೇಸರಿಸಬೇಡ. ಆ ಮಗುವಿನ ಸುದ್ದಿ ಓದಿ ಸಂಕಟವಾಯಿತು.

ನೀನು ಕಳಿಸಿದ ಪೊಟ್ಟಣವನ್ನು ಪರೀಕ್ಷಿಸಿದೆ. ಔಷಧ ಸರಿಯಾಗಿದೆ. ಕಲಬೆರಕೆಯಿಲ್ಲ, ಶಕ್ತಿ ಇರಬೇಕಾದಷ್ಟೇ ಇದೆ. ಇದನ್ನು ಖಚಿತವಾಗಿ ಹೇಳಬಲ್ಲೆ.

ಮನೆಗಳಲ್ಲಿ ಅದನ್ನು ಎಷ್ಟು, ಹೇಗೆ ಹಾಕುತ್ತಾರೆ ಎಂಬುದೂ ಮುಖ್ಯ. ಒಮ್ಮೆ ನೀನೇ ನಿಂತು ಗಮನಿಸಿದರೆ ಒಳ್ಳೆಯದು. ಉಳಿದ ಪರೀಕ್ಷೆಗಳ ವರದಿ ಆರೋಗ್ಯ ಇಲಾಖೆಯ ಮೂಲಕವೇ ಬರಬೇಕು, ಅದು ನಿಯಮ.

ಇಲ್ಲಿ ಸೆಕೆ ತಡೆಯಲಾಗುತ್ತಿಲ್ಲ. ಸೊಳ್ಳೆ ಸಾಕುವ ಕೋಣೆಗೆ ಮಾತ್ರ ಏಸಿ, ನಮಗೆ ಫ್ಯಾನು. ಯಾರ ಜೀವಕ್ಕೆ ಬೆಲೆ ಎಂದು ಗೊತ್ತಾಗುತ್ತದೆ.

ತಮ್ಮ

*

ಮೇ 9

ತಮ್ಮನಿಗೆ,

ನಿನ್ನ ಕಾಗದ ಸಿಕ್ಕಿತು. ಔಷಧ ಸರಿಯಾಗಿದೆ ಎಂದು ತಿಳಿಯಿತು. ಮಾಡಬೇಕಾದ್ದನ್ನು ಮಾಡುತ್ತೇನೆ.

ಅಕ್ಕ

*

ಜೂನ್ 11

ಅಕ್ಕನಿಗೆ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಗೆರೆಯೂ ಇಲ್ಲ. ಭಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ನಾನು ಬರಲಿಲ್ಲ ಎಂದು ಮುನಿಸಾ? ಅದಾದರೆ ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ನಿನ್ನ ಮುನಿಸು ನನಗೆ ಹೊಸದಲ್ಲ. ಬಾಲ್ಯದಲ್ಲಿ ನನ್ನ ಮೇಲೆ ಸಿಟ್ಟಾದರೆ ನೀನು ನನ್ನ ಬಟ್ಟೆ ಒಗೆದು ಕೊಡುತ್ತಿದ್ದೆ, ಒಣಗಿಸಿ ಕೊಡುತ್ತಿರಲಿಲ್ಲ. ಒದ್ದೆ ಅಂಗಿ ಹಾಕಿಕೊಂಡು ಶಾಲೆಗೆ ಹೋಗಿದ್ದೇನೆ.

ಒಂದು ಒಳ್ಳೆಯ ಸುದ್ದಿ. ನನ್ನ ಗುತ್ತಿಗೆಯನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿದರು. ಮೇಡಂ, ಅಂದರೆ ನಮ್ಮ ವಿಭಾಗದ ಮುಖ್ಯಸ್ಥೆ, ತಾವೇ ಕರೆದು ಹೇಳಿದರು. ಎರಡು ವರ್ಷದಿಂದ ಕತ್ತಿನ ಮೇಲೆ ತೂಗುತ್ತಿದ್ದ ಕತ್ತಿ ಕೆಳಗಿಳಿಯಿತು. ನಿನಗೆ ಹೇಳಬೇಕು ಅನ್ನಿಸಿತು, ಬೇರೆ ಯಾರಿಗೆ ಹೇಳಲಿ?

ಜ್ವರ ಕಡಿಮೆಯಾಗಿರಬೇಕು ಎಂದುಕೊಂಡಿದ್ದೇನೆ. ಆ ತನಿಖೆ ಏನಾಯಿತು? ಬರೆ.

ತಮ್ಮ

*

ಜುಲೈ 6

ಮಾನ್ಯ ವಿಜ್ಞಾನಿಗಳಿಗೆ,

ಮುಂದುವರಿಸಿದ ಗುತ್ತಿಗೆಗಾಗಿ ಅಭಿನಂದನೆ. ಈಗ ನನ್ನ ಸುದ್ದಿ ಕೇಳಿ.

ಕಳೆದ ಮಂಗಳವಾರ ಮೇಲ್ವಿಚಾರಕರಿಗೆಲ್ಲ ಒಂದು ದಿನದ ತರಬೇತಿ ಇತ್ತು. ಉದ್ದನೆಯ ಸಭಾಂಗಣ, ಅರ್ಧ ಫ್ಯಾನುಗಳು ತಿರುಗುತ್ತಿರಲಿಲ್ಲ. ಪಾಠ ಮಾಡಲು ಬಂದ ಹುಡುಗಿ ನಿಮ್ಮ ಪ್ರಯೋಗಾಲಯದವಳು. ಪಾಪ, ಚುರುಕಾದ ಮಗು, ಮುಚ್ಚುಮರೆ ಗೊತ್ತಿಲ್ಲ. ಮೊಟ್ಟೆ ಸಂಗ್ರಹಿಸುವುದು ಹೇಗೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದಳು. "ನೋಡಿ, ಹೀಗೆ ನೀಟಾಗಿ ಕಳಿಸ್ಬೇಕು" ಎಂದಳು. ಪರದೆಯ ಮೇಲಿದ್ದದ್ದು ನನ್ನ ಕಾಗದದ ಪಟ್ಟಿ. ತುದಿಯಲ್ಲಿ ನನ್ನ ಪೆನ್ಸಿಲಿನ ಅಕ್ಷರ: ನಾಲ್ಕನೇ ಬೀದಿ.

ಮುಂದಿನ ಚಿತ್ರ ನಿಮ್ಮ ತಟ್ಟೆ. ತೊಂಬತ್ತಾರು ಗುಳಿಯಲ್ಲಿ ಬಹುಪಾಲು ಶಾಯಿ ಚೆಲ್ಲಿದ ಹಾಗೆ. ಮೂಲೆಯಲ್ಲಿ ತಾರೀಕು, ಮಾರ್ಚ್ 22.

ನಾನು ಎದ್ದು ನಿಂತು ಕೇಳಿದೆ: "ಇದರರ್ಥ ಏನಮ್ಮ?"

"ಈ ಸೊಳ್ಳೆಗಳು ಆ ಔಷಧಕ್ಕೆ ಬಗ್ಗಲ್ಲ ಮೇಡಂ. ನೂರು ಮರಿಗಳಲ್ಲಿ ಇಪ್ಪತ್ತು ಸತ್ತರೆ ಹೆಚ್ಚು. ಮಾರ್ಚ್‌ನಲ್ಲೇ ಗೊತ್ತಾಯ್ತು."

ಮಾರ್ಚ್ 22. ನೀನು ಮಾರ್ಚ್ 30ಕ್ಕೆ "ಸಾಲಿನಲ್ಲಿದೆ" ಎಂದು ಬರೆದೆ. ಮೇ 2ಕ್ಕೆ "ಔಷಧ ಸರಿಯಾಗಿದೆ" ಎಂದು ಬರೆದೆ. ಔಷಧ ಸರಿಯಾಗಿದೆಯಾ ಎಂದು ನಾನು ಕೇಳಿದ್ದೆನಾ? ಸೊಳ್ಳೆ ಸಾಯುತ್ತದಾ ಎಂದು ಕೇಳಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಎಷ್ಟು ವರ್ಷ ಓದಿ ಕಲಿತೆ?

ಈಗ ನಾನು ನಿನಗೆ ಹೇಳದೆ ಉಳಿಸಿಕೊಂಡಿದ್ದನ್ನು ಹೇಳುತ್ತೇನೆ. ನಿನ್ನ ಆ ಕಾಗದ ಕೈಗೆ ಬಂದ ಮೂರನೇ ದಿನ ಇಸ್ತ್ರಿ ಸಾಹೇಬರು ನನ್ನನ್ನು ಕರೆದು ಒಂದು ಹೇಳಿಕೆ ಮುಂದಿಟ್ಟರು. ಟಾರ್ಚಮ್ಮ ಡ್ರಮ್ಮಿಗೆ ಔಷಧ ಹಾಕದೆ ಬಾಗಿಲ ಮೇಲೆ ಸುಳ್ಳು ಗುರುತು ಹಾಕಿದ್ದಾಳೆ ಎಂದು. ನಾನು ಯೋಚಿಸಿದೆ. ಔಷಧ ಸರಿಯಾಗಿದೆ, ನನ್ನ ತಮ್ಮನೇ ಪರೀಕ್ಷಿಸಿದ್ದಾನೆ, ಅವನು ಸುಳ್ಳು ಹೇಳುವವನಲ್ಲ. ಹಾಗಾದರೆ ಅವಳೇ ಹಾಕಿಲ್ಲ. ಸಹಿ ಮಾಡಿದೆ. ಮೇ 12ಕ್ಕೆ ಅವಳನ್ನು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದ ಕೈ ನನ್ನದು, ಕಬ್ಬಿಣ ಕಾಯಿಸಿ ಕೊಟ್ಟವನು ನೀನು.

ಮೇ ತಿಂಗಳಲ್ಲಿ ಐದನೇ ಬೀದಿಯ ಸೈಕಲ್ ರಿಪೇರಿಯವನ ಹೆಂಡತಿ ಸತ್ತಳು. ಜೂನ್‌ನಲ್ಲಿ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕ. ನಾವು ಆ ಮನೆಗಳಿಗೆ ತಪ್ಪದೆ ಹೋಗಿ ನಿನ್ನ ಸರಿಯಾದ ಔಷಧವನ್ನು ಹಾಕುತ್ತಲೇ ಇದ್ದೆವು.

ನಿನ್ನ ಅಂಗಿ ಒದ್ದೆಯಾಗಿತ್ತು ಎಂಬುದು ನಿನಗೆ ನಲವತ್ತು ವರ್ಷ ನೆನಪಿದೆ. ಇದು ಎಷ್ಟು ವರ್ಷ ನೆನಪಿರುತ್ತದೆ ನೋಡೋಣ.

ಮೇಲ್ವಿಚಾರಕಿ

*

ಜುಲೈ 13

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಉತ್ತರ ಬರೆಯಲೇಬೇಕು.

ಮೊದಲನೆಯದಾಗಿ, ಆ ಸಂಶೋಧನೆ ನನ್ನ ಸ್ವಂತದ್ದಲ್ಲ. ಇಲಾಖೆಯೇ ಮಾಡಿಸುತ್ತಿರುವುದು. ಫಲಿತಾಂಶ ಏನೇ ಬಂದರೂ ಅವರು ಒಪ್ಪುವವರೆಗೆ ಹೊರಗೆ ಬಿಡುವಂತಿಲ್ಲ ಎಂದು ನಾವೆಲ್ಲ ಬರೆದು ಕೊಟ್ಟಿದ್ದೇವೆ. ಏಪ್ರಿಲ್ ಮೊದಲ ವಾರವೇ ವರದಿ ಮೇಡಂ ಮೇಜಿಗೆ ಹೋಗಿದೆ, ಅಲ್ಲಿಂದ ಇಲಾಖೆಗೂ ಹೋಗಿದೆ. ಅವರು ಅದೇ ಔಷಧವನ್ನು ಮೂರು ವರ್ಷಕ್ಕಾಗುವಷ್ಟು ತರಿಸಿಟ್ಟಿದ್ದಾರೆ. ವರದಿಯ ಮೇಲೆ ಕೂತುಬಿಟ್ಟರು. ಆ ಹುಡುಗಿ ಚಿತ್ರ ತೋರಿಸಿದ್ದೇ ತಪ್ಪು, ಅವಳಿಗೆ ಇಲ್ಲಿ ದೊಡ್ಡ ಬೈಗುಳ ಬಿದ್ದಿದೆ.

ಎರಡನೆಯದಾಗಿ, ನಾನು ಸುಳ್ಳು ಬರೆಯಲಿಲ್ಲ. ಔಷಧ ಸರಿಯಾಗಿತ್ತು. ಬದಲಾದದ್ದು ಸೊಳ್ಳೆ. ನನ್ನ ಕಾಗದವನ್ನು ಸರಿಯಾಗಿ ಓದಿದ್ದರೆ "ಉಳಿದ ಪರೀಕ್ಷೆಗಳ ವರದಿ" ಎಂದರೇನು ಎಂದು ನೀನು ಕೇಳಬೇಕಿತ್ತು. ಕೇಳಲಿಲ್ಲ.

ಮೂರನೆಯದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ಹದಿನಾರು ವರ್ಷ ಜೊತೆಗಿದ್ದವಳ ವಿರುದ್ಧ ಸಹಿ ಹಾಕುವಾಗ ನನ್ನ ಕಾಗದ ನೆಪವಾಯಿತು ಅಷ್ಟೇ. ನಾನು ನಿನಗೆ ಸಹಿ ಮಾಡು ಎಂದು ಹೇಳಿರಲಿಲ್ಲ. ಆ ಡ್ರಮ್ಮಿನ ತಳಕ್ಕೆ ಕೈ ಹಾಕಿ ನೋಡು ಎಂದು ಅವಳು ಎಲ್ಲರೆದುರು ಕೂಗಿದಳು ಎಂದು ನೀನೇ ಬರೆದಿದ್ದೆ. ಸಾಹೇಬರು ಹಾಕಲಿಲ್ಲ, ಸರಿ. ನೀನು ಹಾಕಿದೆಯಾ?

ತಮ್ಮ

*

ಜುಲೈ 19

ಇಲ್ಲ. ಹಾಕಲಿಲ್ಲ.

ಅದೊಂದು ಮಾತು ನಿನ್ನ ಕಾಗದದಲ್ಲಿ ನಿಜ. ಉಳಿದದ್ದನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ, ನಿಮ್ಮ ಇಲಾಖೆಯ ಕಪಾಟಿನಲ್ಲಿ ಇಡು.

ನಿನ್ನ ಕಾಗದ ಓದಿ ನೇರ ಟಾರ್ಚಮ್ಮನ ಮನೆಗೆ ಹೋದೆ. ಈಗ ಅವಳು ಒಂದು ಛತ್ರದಲ್ಲಿ ಪಾತ್ರೆ ತೊಳೆಯುತ್ತಾಳೆ. ಅಂಗೈ ಬಿರುಕು ಬಿಟ್ಟಿದೆ. ಒಳಗೆ ಬನ್ನಿ ಎನ್ನಲಿಲ್ಲ. ಹೊಸ್ತಿಲ ಈಚೆ ನಿಂತೇ ಎಲ್ಲವನ್ನೂ ಹೇಳಿದೆ, ಮಾರ್ಚ್ 22ರಿಂದ ಹಿಡಿದು. ಕ್ಷಮಿಸು ಎಂದೆ. ಹದಿನಾರು ವರ್ಷ ನನ್ನನ್ನು "ನೀವು" ಎಂದವಳು ಅವತ್ತು "ನೀನು" ಎಂದಳು.

"ನಿನ್ನ ಕ್ಷಮೆ ತಗೊಂಡು ಏನು ಮಾಡ್ಲಿ? ಬೆಳಿಗ್ಗೆ ನೀರು ಹಿಡಿಯೋಕೆ ಹೋದ್ರೆ ಹೆಂಗಸರು ಬಿಂದಿಗೆ ಆ ಕಡೆ ಸರಿಸಿಕೊಳ್ತಾರೆ. ನಾನು ಔಷಧ ಹಾಕದೆ ಆ ಮಗು ಸತ್ತಿತು ಅಂತಾರೆ. ಆ ಮಗು ನನ್ನ ಟಾರ್ಚು ಹಿಡ್ಕೊಂಡು ಆಟ ಆಡ್ತಿತ್ತು, ಗೊತ್ತಾ ನಿನಗೆ? ನಾನೇ ನಂಬಿಬಿಟ್ಟಿದ್ದೆ ಕಣೇ. ಎಲ್ಲೋ ಕೈ ತಪ್ಪಿ ಕಡಿಮೆ ಹಾಕಿದ್ನೇನೋ, ನಾನೇ ಕೊಂದ್ನೇನೋ ಅಂತ ಎರಡು ತಿಂಗಳು ನಂಬಿದ್ದೀನಿ."

ಬಾಗಿಲ ಮೇಲೆ ಕೈಯಿಟ್ಟು ಮುಂದುವರಿಸಿದಳು.

"ಹೆಸರು ಕಿತ್ಕೊಂಡಿದ್ದು ಸಹಿ ಮಾಡಿ ತಾನೇ? ಸಹಿ ಮಾಡಿಯೇ ವಾಪಸ್ ಕೊಡು. ಬೀದಿಯಲ್ಲಿ ಕಿತ್ಕೊಂಡ್ರಿ, ಬೀದಿಯಲ್ಲೇ ಕೊಡಿ. ನಿನ್ನ ತಮ್ಮನಿಗೂ ಹೇಳು" ಎಂದು ಬಾಗಿಲು ಹಾಕಿಕೊಂಡಳು.

ಹೇಳಿದ್ದೇನೆ. ನನ್ನ ಹೇಳಿಕೆ ಸುಳ್ಳು, ಮತ್ತೆ ವಿಚಾರಣೆ ನಡೆಸಿ ಎಂದು ನಗರಸಭೆಗೂ ಅರ್ಜಿ ಕೊಟ್ಟಿದ್ದೇನೆ. ಇನ್ನು ಏನಾದರೂ ಮಾಡಿದರೆ ಮಾತ್ರ ಬರೆ. ವಿವರಣೆ ಕೊಡಲು ಬರೆಯಬೇಡ.

*

ಆಗಸ್ಟ್ 8

ಅಕ್ಕ,

ನೀನು ಕಳಿಸಿದ ನನ್ನ ಕಾಗದವನ್ನು ಓದಿದೆ. ಬೇರೆ ಯಾರೋ ಬರೆದಂತೆ ಓದಿದೆ. ಆ ಮನುಷ್ಯನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು.

ವಿವರಣೆ ಬೇಡ ಎಂದಿದ್ದೀಯ. ಆದ್ದರಿಂದ ಮಾಡಿದ್ದನ್ನು ಮಾತ್ರ ಬರೆಯುತ್ತೇನೆ. ಈ ಪಾರ್ಸೆಲ್‌ನಲ್ಲಿ ಮಾರ್ಚ್ 16ರ ಮತ್ತು 22ರ ಫಲಿತಾಂಶಗಳಿವೆ, ಪ್ರತಿ ಪುಟದಲ್ಲೂ ನನ್ನ ಸಹಿಯಿದೆ. ಮೇಡಂಗೆ ಹೇಳಿಯೇ ಕಳಿಸಿದ್ದೇನೆ. ಅವರು ಕೂಗಾಡಲಿಲ್ಲ. "ಮುಂದಿನದು ಗೊತ್ತಲ್ಲ?" ಎಂದರು. ಗೊತ್ತು ಎಂದೆ.

ಆದರೆ ಬರೀ ಕಾಗದವನ್ನು ನಿಮ್ಮ ವಿಚಾರಣೆಯವರು ಒಪ್ಪಲಿಕ್ಕಿಲ್ಲ. ನಕಲಿ ಎನ್ನುತ್ತಾರೆ. ಅದಕ್ಕೇ ಹಸಿರು ದಾರ ಕಟ್ಟಿದ ಪಟ್ಟಿಯನ್ನು ಇಟ್ಟಿದ್ದೇನೆ. ಅದು ನಾವು ಇಲ್ಲಿ ತಲೆಮಾರುಗಳಿಂದ ಔಷಧದ ಸೋಂಕಿಲ್ಲದೆ ಸಾಕಿದ ಸೊಳ್ಳೆಯ ಮೊಟ್ಟೆ. ಅದನ್ನೂ ನಿಮ್ಮೂರಿನ ಮೊಟ್ಟೆಯನ್ನೂ ಒಂದೇ ದಿನ ನೀರಿಗೆ ಹಾಕು. ಆರು ದಿನಕ್ಕೆ ಮರಿಗಳು ಬೆಳೆಯುತ್ತವೆ. ವಿಚಾರಣೆ ನಡೆಸುವವರ ಮುಂದೆ ಮೂರು ಗಾಜಿನ ಲೋಟ ಇಡು. ಒಂದರಲ್ಲಿ ನಿಮ್ಮೂರಿನ ಇಪ್ಪತ್ತೈದು ಮರಿ, ಇನ್ನೊಂದರಲ್ಲಿ ನಮ್ಮ ಇಪ್ಪತ್ತೈದು. ಎರಡಕ್ಕೂ ಸಾಹೇಬರ ಉಗ್ರಾಣದ ಔಷಧವನ್ನೇ, ಅವರ ಕೈಯಿಂದಲೇ ಹಾಕಿಸು, ಪಾರ್ಸೆಲ್‌ನಲ್ಲಿರುವ ಪುಟ್ಟ ಚಮಚದಿಂದ ತಲಾ ಒಂದು ಅಳತೆ. ಮೂರನೇ ಲೋಟದಲ್ಲಿ ನಮ್ಮ ಮರಿಗಳನ್ನು ಔಷಧವಿಲ್ಲದ ನೀರಿನಲ್ಲಿ ಬಿಡು. ಇಲ್ಲದಿದ್ದರೆ ಹುಳ ತಾನಾಗಿ ಸತ್ತಿತು ಎನ್ನುತ್ತಾರೆ. ಬಟ್ಟೆ ಕಟ್ಟಿ, ಮೇಲೆ ಅವರ ಸಹಿಯ ಚೀಟಿ ಅಂಟಿಸಿ, ಒಂದು ದಿನ ಬೀಗ ಹಾಕಿಡಲಿ.

ಮುಗಿದ ಮೇಲೆ ಎಲ್ಲಕ್ಕೂ ಕುದಿಯುವ ನೀರು ಸುರಿ. ಒಂದೂ ಹೊರಗೆ ಹೋಗಬಾರದು.

ತಮ್ಮ

*

ಆಗಸ್ಟ್ 29

ತಮ್ಮನಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವಿಚಾರಣೆ ನಗರಸಭೆಯ ಹಿಂಭಾಗದ ಕೋಣೆಯಲ್ಲಿ. ಹಳೆಯ ಕಡತಗಳ ವಾಸನೆ, ಒಂದೇ ಕಿಟಕಿ. ವಿಚಾರಣೆಗೆ ಕೂತ ಮೂವರು ಹಿರಿಯ ಅಧಿಕಾರಿಗಳು, ಒಂದು ಪಕ್ಕ ಇಸ್ತ್ರಿ ಸಾಹೇಬರು. ಈ ಪಕ್ಕ ನಾನು, ನನ್ನ ಹಿಂದೆ ತಂಡದ ಹತ್ತು ಜನ. ಟಾರ್ಚಮ್ಮ ಬಾಗಿಲ ಬಳಿ ನಿಂತಿದ್ದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ.

ಮೊದಲು ನಾನೇ ಹೇಳಿದೆ: "ಮೇ ತಿಂಗಳಲ್ಲಿ ನಾನು ಸಹಿ ಮಾಡಿದ ಹೇಳಿಕೆ ಸುಳ್ಳು. ನಾನು ಕಣ್ಣಾರೆ ಏನನ್ನೂ ನೋಡಿರಲಿಲ್ಲ." ನಿನ್ನ ಪುಟಗಳನ್ನು ಕೊಟ್ಟೆ. ನೀನು ಹೇಳಿದಂತೆಯೇ ಆಯಿತು. ಸಾಹೇಬರು ನಕ್ಕು, "ತಮ್ಮ ಬರೆದುಕೊಟ್ಟಿದ್ದನ್ನ ಅಕ್ಕ ತಂದಿದ್ದಾರೆ" ಎಂದರು. ಆಗ ಲೋಟಗಳನ್ನು ಮೇಜಿನ ಮೇಲಿಟ್ಟೆ. ಅವರು ತಮ್ಮ ಉಗ್ರಾಣದಿಂದಲೇ ಪೊಟ್ಟಣ ತರಿಸಿ, ತಾವೇ ಕತ್ತರಿಸಿ, ತಾವೇ ಅಳೆದು ಹಾಕಿದರು. ಅವರಿಗೆ ತಮ್ಮ ಔಷಧದ ಮೇಲೆ ನಿಜವಾಗಿಯೂ ನಂಬಿಕೆಯಿತ್ತು, ಅದನ್ನು ನಾನು ಮುಖದಲ್ಲೇ ಕಂಡೆ. ಲೋಟಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹಿರಿಯರೊಬ್ಬರು ಇಟ್ಟುಕೊಂಡರು.

ಮರುದಿನ ಹನ್ನೊಂದಕ್ಕೆ ತೆಗೆದರು. ನಿಮ್ಮ ಮರಿಗಳು ಇಪ್ಪತ್ತೈದೂ ತಳದಲ್ಲಿ ದಾರದ ಚೂರಿನ ಹಾಗೆ ಬಿದ್ದಿದ್ದವು. ಔಷಧವಿಲ್ಲದ ಲೋಟದವು ಎಲ್ಲ ಬದುಕಿದ್ದವು. ನಮ್ಮೂರಿನವು ಹತ್ತೊಂಬತ್ತು, ಔಷಧದ ಮರಳಿನ ಮೇಲೆಯೇ ಕುಣಿಯುತ್ತಿದ್ದವು.

ಟಾರ್ಚಮ್ಮ ಬಾಗಿಲಿನಿಂದ ಬಂದು, ಟಾರ್ಚು ಹಾಕಿ, ಆ ಲೋಟದೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಸಾಹೇಬರಿಗೆ ಹೇಳಿದಳು: "ಈಗ್ಲಾದ್ರೂ ಬೆರಳು ಹಾಕಿ ನೋಡಿ ಸಾರ್. ನೀವೇ ಹಾಕಿದ್ದು. ಇದೆಯೋ ಇಲ್ಲವೋ?" ಅವರು ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. "ನೀವೂ ಮೈಗಳ್ಳರೇ ಹಾಗಾದ್ರೆ" ಎಂದಳು. ಆ ಹಿರಿಯರಲ್ಲೊಬ್ಬರು ಕೆಮ್ಮಿ ನಗು ನುಂಗಿಕೊಂಡರು. ನನಗೆ ಅಳು ಬಂತು, ಸಿಟ್ಟಿನ ಅಳು.

ಅವಳನ್ನು ತೆಗೆದ ಆದೇಶ ರದ್ದಾಗಿದೆ. ಔಷಧ ನಿಂತಿದೆ. ಇನ್ನು ಪ್ರತಿ ಶನಿವಾರ ಡ್ರಮ್ಮು ಖಾಲಿ ಮಾಡಿಸಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿಸಿ, ಬಿಗಿಯಾದ ಮುಚ್ಚಳ ಹಾಕಿಸುವುದು. ನಾಲ್ಕನೇ ಬೀದಿಯಲ್ಲಿ ನಿಂತು, ಎಲ್ಲರೂ ಕೇಳುವಂತೆ, ಅವಳು ಪ್ರತಿ ಡ್ರಮ್ಮಿಗೂ ಔಷಧ ಹಾಕಿದ್ದಳು ಎಂದು ಓದಿ ಹೇಳಿದೆ. ಕ್ಷೌರದಂಗಡಿಯವನು ಹೊರಗೆ ಬಂದು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದ.

ಮೇಲ್ವಿಚಾರಕಿ ಕೆಲಸದಿಂದ ನನ್ನನ್ನು ಇಳಿಸಿದ್ದಾರೆ. ಅದು ಸರಿಯೇ. ಈಗ ಬ್ರಷ್ಷು ಹಿಡಿದು ಹನ್ನೆರಡನೆಯವಳಾಗಿ ಹೋಗುತ್ತೇನೆ. ಇಸ್ತ್ರಿ ಸಾಹೇಬರಿಗೆ ವರ್ಗವಾಯಿತು. ಶಿಕ್ಷೆ ಎಂದುಕೊಂಡೆಯಾ? ಇನ್ನೂ ದೊಡ್ಡ ಊರಿಗೆ, ಇನ್ನೂ ದೊಡ್ಡ ಕುರ್ಚಿಗೆ.

ಅಕ್ಕ

*

ಸೆಪ್ಟೆಂಬರ್ 7

ಅಕ್ಕನಿಗೆ,

ನಿನ್ನ ಕಾಗದವನ್ನು ಆ ಹುಡುಗಿಗೂ ಓದಿ ಹೇಳಿದೆ. ಚಿತ್ರ ತೋರಿಸಿ ಬೈಸಿಕೊಂಡವಳಿಗೆ. ಮೇಜು ಬಡಿದು ನಕ್ಕಳು.

ನನ್ನ ಗುತ್ತಿಗೆ ರದ್ದಾಯಿತು. ನಿನ್ನೆ ನನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಸೊಳ್ಳೆ ಕೋಣೆಯ ಕೀಲಿ ವಾಪಸು ಕೊಟ್ಟೆ. ಹದಿನಾಲ್ಕು ವರ್ಷ, ಅಕ್ಕ. ಮಾಡಬೇಕಾದ್ದನ್ನು ಕೊನೆಗಾದರೂ ಮಾಡಿದೆ ಅಲ್ಲವಾ? ನಿನಗೆ ಇನ್ನೂ ಕೋಪವಾ? ಟಾರ್ಚಮ್ಮನವರು ಈಗ ಸಮಾಧಾನವಾಗಿದ್ದಾರಾ? ನನ್ನ ಪರವಾಗಿ ಅವರಿಗೆ ಕ್ಷಮೆ ಕೇಳು.

ತಮ್ಮ

*

ಸೆಪ್ಟೆಂಬರ್ 20

ತಮ್ಮನಿಗೆ,

ಹೌದು, ಇನ್ನೂ ಕೋಪವೇ. ನಿನಗೆ ಕೆಲಸ ಹೋಯಿತು, ಇನ್ನೊಂದು ಸಿಗುತ್ತದೆ. ನಿನ್ನ ಪರವಾಗಿ ನಾನು ಯಾರಲ್ಲೂ ಏನೂ ಕೇಳುವುದಿಲ್ಲ.

ಟಾರ್ಚಮ್ಮ ನನ್ನ ಪಕ್ಕದಲ್ಲೇ ಡ್ರಮ್ಮು ಉಜ್ಜುತ್ತಾಳೆ. ಮೂರು ವಾರ ನನ್ನೊಡನೆ ಮಾತಿಲ್ಲ. ಜ್ವರ ಇಳಿದಿದೆ. ಈ ವಾರ ಒಂದೂ ಹೊಸದಿಲ್ಲ. ಇವತ್ತು ಊಟದ ಬಿಡುವಿನಲ್ಲಿ ನಿನ್ನ ಕಾಗದವನ್ನು ಓದಿ ಹೇಳಿದೆ. ಕೇಳಿ, ತುತ್ತನ್ನು ಕೆಳಗಿಟ್ಟು, "ಬರ್ಕೋ" ಎಂದಳು. "ಸಾರ್ ಎಂದು ಶುರು ಮಾಡಲಾ?" ಎಂದೆ. "ಸಾರೂ ಬೇಡ, ಗೀರೂ ಬೇಡ. ಏನಪ್ಪಾ ಅಂತ ಬರಿ" ಎಂದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಏನಪ್ಪಾ, ಸಮಾಧಾನ ಆಯ್ತಾ ಅಂತ ಕೇಳಿದ್ದೀಯ. ಇಲ್ಲ. ನನ್ನ ಹೆಸರು ನನಗೆ ವಾಪಸ್ ಬಂತು, ಅದು ನನ್ನದೇ ಆಗಿತ್ತು, ಅದಕ್ಕೆ ನಿನಗೆ ಥ್ಯಾಂಕ್ಸ್ ಹೇಳಲ್ಲ. ನಿನ್ನಕ್ಕ ಬೀದಿಯಲ್ಲಿ ನಿಂತು ಓದಿದ್ಲು, ಕಾಲು ನಡುಗ್ತಿತ್ತು, ನೋಡಿದೆ. ಇದನ್ನೂ ಬರಿ, ಯಾಕೆ ನಿಲ್ಲಿಸ್ದೆ? ನನಗೆ ಕ್ಷಮೆ ಕೇಳೋದು ಸುಲಭ, ನಾನು ಬದುಕಿದ್ದೀನಿ. ಮಾರ್ಚ್‌ನಲ್ಲಿ ನೀನು ಒಂದು ಮಾತು ಹೇಳಿದ್ರೆ ಏಪ್ರಿಲ್‌ನಲ್ಲೇ ಡ್ರಮ್ಮು ಉಜ್ಜುತ್ತಿದ್ವಿ. ಆ ಮನೆಗಳಿಗೆ ಯಾರು ಹೇಳ್ತಾರೆ? ನೀನೇ ಹೇಳ್ಬೇಕು. ಯಾವ ತಾರೀಕಿಗೆ ಗೊತ್ತಾಯ್ತು, ಯಾಕೆ ಸುಮ್ನಿದ್ದೆ, ನಿಜವಾಗಿ ಬರಿ. ಅಡ್ರೆಸ್ ಹೇಳ್ತೀನಿ.

"ಮೊದಲನೇದು ಕ್ಷೌರದಂಗಡಿ ಹಿಂದಿನ ಮನೆ. ಅಪ್ಪನ ಹೆಸರಿಗೆ ಕಳಿಸ್ಬೇಡ, ಹರಿದು ಹಾಕ್ತಾನೆ. ತಾಯಿ ಹೆಸರಿಗೆ ಕಳಿಸು. ಎರಡನೇದು ಐದನೇ ಬೀದಿ, ಸೈಕಲ್ ರಿಪೇರಿ ಅಂಗಡಿ. ಅವನು ಓದಿ ನಿನ್ನ ಬೈದು ಉತ್ತರ ಬರೀತಾನೆ, ಬೈಸ್ಕೋ.

"ಮೂರನೇದಕ್ಕೆ ಬರೀಬೇಡ. ಬೇಕರಿ ಹುಡುಗನ ತಾಯಿಗೆ ಅಕ್ಷರ ಬರಲ್ಲ. ಅವಳಿಗೆ ಬಂದ ಕಾಗದ ಓದಿ ಹೇಳ್ತಿದ್ದವನೇ ಆ ಮಗ. ಅಲ್ಲಿಗೆ ನೀನೇ ಬರ್ಬೇಕು."

ಇಷ್ಟು ಹೇಳಿ ಕೈ ತೊಳೆದು ಬ್ರಷ್ಷು ಎತ್ತಿಕೊಂಡು ಹೋದಳು.

ಬರುವ ದಿನ ತಿಳಿಸು. ಬಸ್ ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ. ಮಾತಾಡಿಸುತ್ತೇನೆ ಎಂದುಕೊಳ್ಳಬೇಡ. ಆ ಮನೆಯ ಬಾಗಿಲವರೆಗೆ ಕರೆದುಕೊಂಡು ಹೋಗುತ್ತೇನೆ, ಒಳಗೆ ನೀನೊಬ್ಬನೇ ಹೋಗು.

ಅಕ್ಕ